ಬ್ರೌಸರ್ ಕೈಕೊಟ್ಟಾಗ ಏನು ನೋಡಬೇಕು, ಬದಲಿಗೆ ಯಾವುದು ಹಾಕಬೇಕು: ಬಳ್ಳಾರಿ ಸೀಮೆಯ ಅಂಗಡಿ ಕಂಪ್ಯೂಟರ್‌ಗಳಿಗೆ ಎಡ್ಜ್, ಫೈರ್‌ಫಾಕ್ಸ್, ಕ್ರೋಮ್, ಬ್ರೇವ್ ವಿಮರ್ಶೆ

ಬಳ್ಳಾರಿಯ ಜೀನ್ಸ್ ಘಟಕ, ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ವ್ಯಾಪಾರಿಯ ಗದ್ದಿ, ಹಳ್ಳಿಯ ಗ್ರಾಮ ಒನ್ ಕೇಂದ್ರ, ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿ. ಇವತ್ತು ಇಲ್ಲೆಲ್ಲ ಕೆಲಸ ನಡೆಯುವುದು ಬ್ರೌಸರ್ ಒಳಗೇ. ಪಹಣಿ ತೆಗೆಯಬೇಕು, ಜಾತಿ ಆದಾಯದ ಅರ್ಜಿ ಹಾಕಬೇಕು, ಇ-ವೇ ಬಿಲ್ ಮಾಡಬೇಕು, ಜಿಎಸ್‌ಟಿ ರಿಟರ್ನ್ ತುಂಬಬೇಕು. ಬ್ರೌಸರ್ ನಿಂತರೆ ಬಾಗಿಲಲ್ಲಿ ಜನ ನಿಲ್ಲುತ್ತಾರೆ.

ಆಗ ಹೆಚ್ಚಿನವರು ಮಾಡುವುದು ಒಂದೇ: ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದು. ಇದರಿಂದ ಸರಿಹೋಗುವುದು ಅಪರೂಪ. ಕ್ರೋಮ್ ತೆಗೆದರೂ ಅದರ ಯೂಸರ್ ಡೇಟಾ ಫೋಲ್ಡರ್ ಡಿಸ್ಕ್‌ನಲ್ಲಿ ಹಾಗೇ ಉಳಿಯುತ್ತದೆ. ಹೊಸದಾಗಿ ಹಾಕಿದ ಕ್ರೋಮ್ ಅದೇ ಫೋಲ್ಡರ್ ಎತ್ತಿಕೊಳ್ಳುತ್ತದೆ, ಕೆಟ್ಟ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಸಮೇತ. ತೆಗೆಯುವಾಗ 'ಬ್ರೌಸಿಂಗ್ ಡೇಟಾ ಕೂಡ ಅಳಿಸು' ಅನ್ನುವುದಕ್ಕೆ ಟಿಕ್ ಹಾಕಿದರೆ ಫೋಲ್ಡರ್ ಹೋಗುತ್ತದೆ, ಗೂಗಲ್ ಖಾತೆಗೆ ಸಿಂಕ್ ಮಾಡದ ಪಾಸ್‌ವರ್ಡ್‌ಗಳೂ ಜೊತೆಗೇ ಹೋಗುತ್ತವೆ. ಸಿಂಕ್ ಇದ್ದವರಿಗೆ ಜಿಮೇಲ್ ಲಾಗಿನ್ ಆದ ಕೂಡಲೇ ಅದೇ ಎಕ್ಸ್‌ಟೆನ್ಷನ್ ತಾನಾಗಿ ವಾಪಸ್ ಬರುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ವಿಂಡೋಸ್ 10 ಅಥವಾ 11 ಇರುವ 4 ಇಲ್ಲವೇ 8 ಜಿಬಿ ರ‍್ಯಾಮ್‌ನ ಅಂಗಡಿ ಕಂಪ್ಯೂಟರ್‌ಗೆ ಎಡ್ಜ್ ಮುಖ್ಯ ಬ್ರೌಸರ್, ಫೈರ್‌ಫಾಕ್ಸ್ ಎರಡನೆಯದು. ಈಗಾಗಲೇ ಕ್ರೋಮ್‌ನಲ್ಲಿ ಕೆಲಸ ಸಲೀಸಾಗಿ ನಡೆಯುತ್ತಿದ್ದರೆ ಅದನ್ನು ಬಿಡಬೇಕಿಲ್ಲ, ಆದರೆ ಪಕ್ಕದಲ್ಲಿ ಫೈರ್‌ಫಾಕ್ಸ್ ಇರಲೇಬೇಕು. ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಝೋಹೋದವರ ಉಲಾ ಎಲ್ಲವೂ ಒಳಗೆ ಕ್ರೋಮಿಯಂ. ಕ್ರೋಮ್‌ಗೆ ಇರುವ ಎಂಜಿನ್ನೇ, ಅಂದರೆ ಪುಟವನ್ನು ಓದಿ ತೋರಿಸುವ ಭಾಗವೇ ಅವಕ್ಕೂ. ಕ್ರೋಮಿಯಂನಲ್ಲೇ ತೊಂದರೆ ಬಂದ ದಿನ ಈ ಐದರಲ್ಲಿ ಯಾವುದು ತೆರೆದರೂ ಫಲಿತಾಂಶ ಒಂದೇ. ವಿಂಡೋಸ್‌ನಲ್ಲಿ ಬೇರೆ ಎಂಜಿನ್ ಇರುವ ದೊಡ್ಡ ಬ್ರೌಸರ್ ಅಂದರೆ ಫೈರ್‌ಫಾಕ್ಸ್, ಅದರ ಗೆಕೋ.

ಮೊದಲ ಐದು ನಿಮಿಷ

ಯಾವುದನ್ನೂ ಅಳಿಸುವ ಮುನ್ನ ನಾಲ್ಕು ಪರೀಕ್ಷೆ ಮಾಡಿ. ಮೊದಲು ಇನ್‌ಕಾಗ್ನಿಟೋ ಕಿಟಕಿ: ಕ್ರೋಮ್, ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್; ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ. ಅಲ್ಲಿ ಎಕ್ಸ್‌ಟೆನ್ಷನ್‌ಗಳು ತಾವಾಗಿ ಓಡುವುದಿಲ್ಲ, ಹಳೆ ಕುಕೀಗಳೂ (ಲಾಗಿನ್ ನೆನಪಿಡಲು ತಾಣ ಬಿಟ್ಟುಹೋಗುವ ಚಿಕ್ಕ ಗುರುತುಗಳು) ಇರುವುದಿಲ್ಲ. ಪುಟ ಅಲ್ಲಿ ತೆರೆಯಿತು ಅಂದರೆ ತಪ್ಪು ಈ ಎರಡರಲ್ಲಿ ಒಂದರದು. ತೆರೆಯಲಿಲ್ಲವೇ, ಹೊಸ ಪ್ರೊಫೈಲ್ (ಬ್ರೌಸರ್ ಒಳಗಿನ ಪ್ರತ್ಯೇಕ ಬಳಕೆದಾರ) ಮಾಡಿ ನೋಡಿ. ಆಮೇಲೆ ಫೈರ್‌ಫಾಕ್ಸ್‌ನಲ್ಲಿ. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ. ಹಾಟ್‌ಸ್ಪಾಟ್‌ನಲ್ಲಿ ತೆರೆದು ಕೇಬಲ್ ಇಂಟರ್ನೆಟ್‌ನಲ್ಲಿ ತೆರೆಯದಿದ್ದರೆ ಬ್ರೌಸರ್ ತಪ್ಪೇ ಇಲ್ಲ. ಅದು ಲೈನಿನದು ಅಥವಾ ಡಿಎನ್‌ಎಸ್‌ನದು, ಅಂದರೆ ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಯದು. ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸ 1.1.1.1 ಅಥವಾ 8.8.8.8 ಕೊಟ್ಟರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ತಪ್ಪು ಕುಕೀಯದು ಅಂತ ಗೊತ್ತಾದರೆ ಆ ಒಂದು ತಾಣದ್ದಷ್ಟೇ ಅಳಿಸಿ. ವಿಳಾಸ ಪಟ್ಟಿಯ ಎಡತುದಿಯ ಚಿಹ್ನೆ ಒತ್ತಿ, 'ಕುಕೀಸ್ ಅಂಡ್ ಸೈಟ್ ಡೇಟಾ' ಒಳಗೆ ಹೋಗಿ, ಅಲ್ಲಿ ತೆಗೆಯಿರಿ. ಕರೆಂಟ್ ಹೋಗಿ ಕಂಪ್ಯೂಟರ್ ಆರಿ, ಮತ್ತೆ ಹಚ್ಚಿದ ಮೇಲೆ ಲಾಗಿನ್ ಪುಟವೇ ಸುತ್ತಿ ಸುತ್ತಿ ಬರುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ: ಅರ್ಧಕ್ಕೆ ನಿಂತ ಸೆಷನ್ನಿನ ಕುಕೀ ಇನ್ನೂ ಅಲ್ಲೇ ಇರುತ್ತದೆ. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ 'ಆಲ್ ಟೈಮ್' ಅಂತ ಎಲ್ಲವನ್ನೂ ತೊಳೆಯುವುದು ಕೊನೆಯ ದಾರಿ ಮಾತ್ರ. ಹಾಗೆ ತೊಳೆಯುವುದೇ ಆದರೂ 'ಪಾಸ್‌ವರ್ಡ್ಸ್' ಮುಂದಿನ ಟಿಕ್ ತೆಗೆದಿದೆಯೇ ಅಂತ ಎರಡು ಸಲ ನೋಡಿ.

ಎಕ್ಸ್‌ಟೆನ್ಷನ್ ಮೇಲೆ ಅನುಮಾನ ಇದ್ದರೆ ಎಲ್ಲವನ್ನೂ ಆಫ್ ಮಾಡಿ ಒಂದೊಂದೇ ಆನ್ ಮಾಡುತ್ತ ಬನ್ನಿ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆ ಇದೆ: ಶಿಫ್ಟ್ ಕೀ ಒತ್ತಿ ಹಿಡಿದು ತೆರೆದರೆ ಟ್ರಬಲ್‌ಶೂಟ್ ಮೋಡ್ ಕೇಳುತ್ತದೆ. ಅಲ್ಲೇ ಇರುವ 'ರಿಫ್ರೆಶ್ ಫೈರ್‌ಫಾಕ್ಸ್' ಗುಂಡಿ ಎಕ್ಸ್‌ಟೆನ್ಷನ್‌ಗಳನ್ನು ಕಿತ್ತು, ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಉಳಿಸಿಕೊಂಡು, ಉಳಿದದ್ದನ್ನು ಹೊಸದು ಮಾಡುತ್ತದೆ.

ಗಡಿಯಾರ, ಮತ್ತು ಅದರ ಹಿಂದಿನ ಸೆಲ್ಲು

ನಮ್ಮ ಕಡೆ ಬ್ರೌಸರ್ ರಿಪೇರಿ ಅಂತ ಬರುವ ಹಳೆ ಡೆಸ್ಕ್‌ಟಾಪ್‌ಗಳಲ್ಲಿ ತೀರಾ ಸಾಮಾನ್ಯವಾದ ತೊಂದರೆಗೂ ಬ್ರೌಸರ್‌ಗೂ ಸಂಬಂಧವೇ ಇರುವುದಿಲ್ಲ. ರಾತ್ರಿ ಮೇನ್ ಸ್ವಿಚ್ ಆರಿಸಿ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಹಚ್ಚಿದರೆ ಗೂಗಲ್ಲೂ ತೆರೆಯುವುದಿಲ್ಲ, ಪಹಣಿಯ ಭೂಮಿ ತಾಣವೂ ತೆರೆಯುವುದಿಲ್ಲ, 'ಯುವರ್ ಕ್ಲಾಕ್ ಈಸ್ ಬಿಹೈಂಡ್' ಅಥವಾ 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಅನ್ನುತ್ತದೆ. ಮೂಲೆಯ ದಿನಾಂಕ ನೋಡಿದರೆ ಮದರ್‌ಬೋರ್ಡ್ ತಯಾರಾದ ಕಾಲದ ಯಾವುದೋ ಇಸವಿ ತೋರಿಸುತ್ತಿರುತ್ತದೆ. ಸುರಕ್ಷಿತ ತಾಣದ ಪ್ರಮಾಣಪತ್ರಕ್ಕೆ 'ಇಂಥ ದಿನದಿಂದ ಇಂಥ ದಿನದವರೆಗೆ' ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ತಾನು 2015ರಲ್ಲಿದ್ದೇನೆ ಅಂದುಕೊಂಡರೆ ಇವತ್ತಿನ ಪ್ರಮಾಣಪತ್ರ ಅದಕ್ಕೆ ಇನ್ನೂ ಹುಟ್ಟೇ ಇಲ್ಲ.

ಮೊದಲು ದಿನಾಂಕ, ಸಮಯ ಕೈಯಿಂದ ಹಾಕಿ, ವಲಯ ಯುಟಿಸಿ ಪ್ಲಸ್ 5:30 ಇದೆಯೇ ನೋಡಿ, ಆಮೇಲೆ 'ಸಿಂಕ್ ನೌ' ಒತ್ತಿ. ನೇರವಾಗಿ ಸಿಂಕ್ ಒತ್ತಿದರೆ ಎಷ್ಟೋ ಸಲ ಆಗುವುದಿಲ್ಲ, ಯಾಕೆಂದರೆ ಸಮಯ 15 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ತಿದ್ದಬೇಡ ಅನ್ನುವ ಮಿತಿ ವಿಂಡೋಸ್‌ನಲ್ಲೇ ಇದೆ. ಇಷ್ಟು ಮಾಡಿದರೆ ಇವತ್ತಿನ ಕೆಲಸ ನಡೆಯುತ್ತದೆ. ನಾಳೆಯೂ ಇದೇ ಆಗಬಾರದು ಅಂದರೆ ಸೆಲ್ ಬದಲಿಸಬೇಕು: ಸಿಆರ್2032, 3 ವೋಲ್ಟ್, ನಾಣ್ಯದ ಆಕಾರ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ನೂರು ರೂಪಾಯಿಯೊಳಗೆ. ಗೋಡೆಯಿಂದ ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಪಕ್ಕದ ಚಿಕ್ಕ ಕ್ಲಿಪ್ ಒತ್ತಿದರೆ ಹಳೆಯದು ಮೇಲಕ್ಕೆ ಹಾರುತ್ತದೆ. ಪ್ಲಸ್ ಗುರುತು ಮೇಲೆ ಕಾಣುವಂತೆ ಹೊಸದನ್ನು ಕೂಡಿಸಿ. ಒಂದು ಎಚ್ಚರಿಕೆ: ಸೆಲ್ ತೆಗೆದಾಗ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸಾಫ್ಟ್‌ವೇರ್) ಸೆಟ್ಟಿಂಗ್ ಮೂಲ ಸ್ಥಿತಿಗೆ ಹೋಗುತ್ತದೆ. ಆಮೇಲೆ ವಿಂಡೋಸ್ ಏಳದಿದ್ದರೆ ಗಾಬರಿ ಬೇಡ. ಬಯೋಸ್‌ನಲ್ಲಿ ಡಿಸ್ಕ್ ಜೋಡಣೆಯ ಸಾಟಾ ಮೋಡ್ ಮೊದಲಿದ್ದಂತೆ ಎಎಚ್‌ಸಿಐ ಆಗಿದೆಯೇ, ಬೂಟ್ ಸಾಲಿನಲ್ಲಿ ಸರಿಯಾದ ಡಿಸ್ಕ್ ಮೊದಲಿದೆಯೇ ನೋಡಿ. ಬಿಚ್ಚುವ ಮುಂಚೆ ಆ ಎರಡು ಪುಟಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳುವುದು ಜಾಣತನ.

ಪುಟ ಬಿಳಿಯಾಗುವುದು, ಮಧ್ಯದಲ್ಲೇ ಬೀಳುವುದು

'ಆ, ಸ್ನ್ಯಾಪ್' ಅಂತ ಬಂದು ಕೆಳಗೆ 'ಔಟ್ ಆಫ್ ಮೆಮೊರಿ' ಅಂದರೆ ಮೆಮೊರಿ ಸಾಲುತ್ತಿಲ್ಲ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ ಎಷ್ಟು ಮೆಮೊರಿ ನುಂಗುತ್ತಿದೆ ಅಂತ ಅಲ್ಲಿ ಕಾಣುತ್ತದೆ. ಪುಟ ಕಪ್ಪಾಗುವುದು, ತುಂಡು ತುಂಡಾಗಿ ಕಾಣುವುದು, ಸ್ಕ್ರೋಲ್ ಮಾಡಿದರೆ ಹಿಂದಿನ ಅಕ್ಷರ ಹಾಗೇ ಉಳಿಯುವುದು ಬಹುಪಾಲು ಗ್ರಾಫಿಕ್ಸ್ ಡ್ರೈವರ್ ದೋಷ. ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ ಗ್ರಾಫಿಕ್ಸ್ ಅಕ್ಸೆಲರೇಷನ್ ಆಫ್ ಮಾಡಿ ರೀಲಾಂಚ್ ಮಾಡಿ. ಸರಿಯಾಯಿತು ಅಂದರೆ ಡ್ರೈವರ್ ಹೊಸದು ಹಾಕಿ, ಆಮೇಲೆ ಮತ್ತೆ ಆನ್ ಮಾಡಿ. ಆಫ್ ಇದ್ದಷ್ಟು ದಿನ ವಿಡಿಯೊ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ.

ಇನ್ನು 'ಸ್ಟೇಟಸ್ ಆಕ್ಸೆಸ್ ವಯೊಲೇಷನ್' ಅನ್ನುವ ಸಂದೇಶ ಬೇರೆ ಬೇರೆ ತಾಣಗಳಲ್ಲಿ, ಕ್ರೋಮ್, ಎಡ್ಜ್ ಎರಡರಲ್ಲೂ ಬರುತ್ತಿದ್ದರೆ ರ‍್ಯಾಮ್ ಕಡೆ ನೋಡಬೇಕು. ಅದಿರು ಲಾರಿ ಓಡಾಡುವ ರಸ್ತೆಬದಿಯ ಅಂಗಡಿಯಲ್ಲಿ ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಕೆಂಪು ಧೂಳಿನ ಪದರವೇ ಇರುತ್ತದೆ. ಪವರ್ ಕಿತ್ತು, ಬ್ಲೋವರ್ ಹೊಡೆದು, ರ‍್ಯಾಮ್ ಕಾರ್ಡ್ ತೆಗೆದು, ಅದರ ಹಳದಿ ಪಟ್ಟಿಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂಡಿಸಿ. ಆಮೇಲೂ ಬಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲಿಗೆ ತಗಡಿನ ಶೆಡ್ ಒಳಗಿನ ಕಂಪ್ಯೂಟರ್ ಮಧ್ಯಾಹ್ನ ಮಾತ್ರ ಹ್ಯಾಂಗ್ ಆಗುತ್ತಿದ್ದರೆ ಮೊದಲು ಪ್ರೊಸೆಸರ್ ಫ್ಯಾನ್ ಕ್ಲೀನ್ ಮಾಡಿಸಿ, ಬ್ರೌಸರ್ ಮುಟ್ಟಬೇಡಿ.

ಮೂಲೆಯಲ್ಲಿ ಏಳುವ 'ವೈರಸ್'

ಕೆಳಗಿನ ಬಲಮೂಲೆಯಲ್ಲಿ ನಿಮಿಷಕ್ಕೊಂದು 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ' ಅನ್ನುವ ಚೀಟಿ ಬರುತ್ತಿದ್ದರೆ, ನೂರಕ್ಕೆ ತೊಂಬತ್ತು ಪಾಲು ಅದು ಯಾವುದೋ ತಾಣಕ್ಕೆ ಕೊಟ್ಟ ನೋಟಿಫಿಕೇಷನ್ ಅನುಮತಿ. ಸೆಟ್ಟಿಂಗ್ಸ್, ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ 'ಅಲೋ' ಪಟ್ಟಿಯಲ್ಲಿರುವ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದು, ಮುಂದೆ ಯಾವ ತಾಣವೂ ಕೇಳದಂತೆ ಮಾಡಿ. ಆ ಚೀಟಿಯಲ್ಲಿರುವ ನಂಬರ್‌ಗೆ ಯಾವ ಕಾರಣಕ್ಕೂ ಫೋನ್ ಮಾಡಬೇಡಿ.

ಅಂಗಡಿಯ ಸ್ವಂತ ಕಂಪ್ಯೂಟರ್‌ನಲ್ಲಿ, ಯಾವ ಕಂಪನಿಗೂ ಸೇರದಿದ್ದರೂ, ಮೆನು ಕೊನೆಯಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್' ಅಂತ ಕಂಡರೆ ವಿಚಾರಿಸಬೇಕಾದ ವಿಷಯ. ಕೆಲವು ಆ್ಯಂಟಿವೈರಸ್ ಹಾಕಿದಾಗಲೂ ಹೀಗೆ ಬರುತ್ತದೆ. ಅದರ ಜೊತೆಗೆ ಸರ್ಚ್ ಎಂಜಿನ್ ತಾನಾಗಿ ಬದಲಾಗಿದ್ದರೆ, ತೆಗೆಯಲು ಬಾರದ ಎಕ್ಸ್‌ಟೆನ್ಷನ್ ಕೂತಿದ್ದರೆ, ಕಳ್ಳ ಸಾಫ್ಟ್‌ವೇರ್ ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯಲ್ಲಿ ಪಾಲಿಸಿ (ಬ್ರೌಸರ್ ಮೀರಲಾಗದ ನಿಯಮ) ಬರೆದಿದೆ ಅಂತಲೇ ಅರ್ಥ. ಹೆಚ್ಚಾಗಿ ಅದು ಕ್ರ್ಯಾಕ್ ಮಾಡಿದ ಫೋಟೋಶಾಪ್ ಅಥವಾ ಪಿಡಿಎಫ್ ಕನ್ವರ್ಟರ್ ಬೆನ್ನಿಗೆ ಬಂದಿರುತ್ತದೆ. ಕ್ರೋಮ್ ರೀಸೆಟ್ ಮಾಡಿದರೂ ಹೋಗುವುದಿಲ್ಲ; ಮೊದಲು ಆ ಸಾಫ್ಟ್‌ವೇರ್, ಆಮೇಲೆ ರಿಜಿಸ್ಟ್ರಿಯ ಪಾಲಿಸೀಸ್ ಕೆಳಗಿನ ಕ್ರೋಮ್ ಕೀ, ಆಮೇಲೆ ರೀಸೆಟ್. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು 'ಟಾರ್ಗೆಟ್' ಸಾಲಿನ ಬಾಲಕ್ಕೆ ಯಾವುದಾದರೂ ವಿಳಾಸ ಅಂಟಿಸಿದ್ದಾರೆಯೇ ಅಂತಲೂ ನೋಡಿ.

ಹೆಬ್ಬೆಟ್ಟಿನ ಯಂತ್ರ, ಡಿಜಿಟಲ್ ಸಹಿ: ನಿಜವಾದ ಪರೀಕ್ಷೆ ಇಲ್ಲಿ

ಬೆಂಗಳೂರಿನಲ್ಲಿ ಕೂತು ಬರೆಯುವ ಬ್ರೌಸರ್ ವಿಮರ್ಶೆಗಳಲ್ಲಿ ಈ ಮಾತು ಬರುವುದೇ ಇಲ್ಲ. ಆದರೆ ಸೇವಾ ಕೇಂದ್ರಕ್ಕೆ, ಟ್ಯಾಕ್ಸ್ ಆಫೀಸಿಗೆ ಬ್ರೌಸರ್ ಒಳ್ಳೆಯದೋ ಕೆಟ್ಟದೋ ಅಂತ ತೀರ್ಮಾನ ಆಗುವುದು ಇಲ್ಲೇ.

ಬೆರಳಚ್ಚು ಯಂತ್ರವಾಗಲಿ, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಆಗಲಿ, ಬ್ರೌಸರ್ ಜೊತೆ ನೇರವಾಗಿ ಮಾತಾಡುವುದಿಲ್ಲ. ನಡುವೆ ಒಂದು ಸಣ್ಣ ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರ್‌ನಲ್ಲೇ ಸರ್ವರ್ ಆಗಿ ಕೂತಿರುತ್ತದೆ. ಆಧಾರ್ ಬೆರಳಚ್ಚಿನ ಆರ್‌ಡಿ ಸರ್ವಿಸ್ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ (ಕಂಪ್ಯೂಟರ್ ಒಳಗಿನ ಬಾಗಿಲು ಸಂಖ್ಯೆಗಳಲ್ಲಿ) ಒಂದನ್ನು ಹಿಡಿಯುತ್ತದೆ. ಜಿಎಸ್‌ಟಿ ಪೋರ್ಟಲ್‌ಗೆ ಬೇಕಾದ ಸಹಿ ಸಾಫ್ಟ್‌ವೇರ್ ಇಎಂಸೈನರ್ 1585 ಪೋರ್ಟ್‌ನಲ್ಲಿ ಇರುತ್ತದೆ. ತಾಣ ನಿಮ್ಮ ಬ್ರೌಸರ್ ಮೂಲಕ ಈ ಒಳಗಿನ ವಿಳಾಸವನ್ನು, ಅಂದರೆ 127.0.0.1 ಅನ್ನು, ಕೂಗುತ್ತದೆ. ಆ ಕೂಗು ಮುಟ್ಟದಿದ್ದರೆ 'ಡಿವೈಸ್ ನಾಟ್ ಫೌಂಡ್' ಅನ್ನುತ್ತದೆ, ಯಂತ್ರದ ದೀಪ ಉರಿಯುತ್ತಿದ್ದರೂ.

ಹಾಗಾಗಿ ಡಿವೈಸ್ ಸಿಗುತ್ತಿಲ್ಲ ಅಂದಾಗ ಯಂತ್ರ ಬದಲಿಸುವ ಮುನ್ನ ಈ ಕ್ರಮ ಹಿಡಿಯಿರಿ. ವಿಂಡೋಸ್ ಸರ್ವಿಸಸ್ ಪಟ್ಟಿಯಲ್ಲಿ ಆರ್‌ಡಿ ಸರ್ವಿಸ್ 'ರನ್ನಿಂಗ್' ಇದೆಯೇ ನೋಡಿ, ಇಲ್ಲದಿದ್ದರೆ ಸ್ಟಾರ್ಟ್ ಮಾಡಿ. ಇಎಂಸೈನರ್ ಆದರೆ ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಹಚ್ಚಿ 127.0.0.1:1585 ವಿಳಾಸಕ್ಕೆ ಹೋಗಿ, ಎಚ್ಚರಿಕೆ ಪುಟದಲ್ಲಿ 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗಲು ಒಪ್ಪಿಕೊಳ್ಳಿ. ಹೀಗೆ ಎಚ್ಚರಿಕೆ ದಾಟುವುದು ನಿಮ್ಮದೇ ಕಂಪ್ಯೂಟರ್‌ನ ಈ ವಿಳಾಸಕ್ಕೆ ಮಾತ್ರ ಸರಿ, ಹೊರಗಿನ ಯಾವ ತಾಣಕ್ಕೂ ಮಾಡಬಾರದು.

2025ರ ಅಕ್ಟೋಬರ್‌ನಲ್ಲಿ ಬಂದ ಕ್ರೋಮ್ 142ರಿಂದ ಇನ್ನೊಂದು ಗೇಟು ಸೇರಿದೆ. ಹೊರಗಿನ ತಾಣ ಒಳಗಿನ ವಿಳಾಸವನ್ನು ಮುಟ್ಟುವ ಮೊದಲು 'ಲೋಕಲ್ ನೆಟ್‌ವರ್ಕ್' ಅನುಮತಿ ಕೇಳುತ್ತದೆ. ಅವಸರದಲ್ಲಿ 'ಬ್ಲಾಕ್' ಒತ್ತಿದರೆ ಮುಗಿಯಿತು, ಮತ್ತೆ ಕೇಳುವುದಿಲ್ಲ, ಯಂತ್ರವೂ ಸಿಗುವುದಿಲ್ಲ. ವಿಳಾಸ ಪಟ್ಟಿಯ ಎಡಗಡೆಯ ಚಿಹ್ನೆಯಿಂದ ಆ ತಾಣದ ಅನುಮತಿಗಳಿಗೆ ಹೋಗಿ 'ಅಲೋ' ಮಾಡಿ. ಈ ಗೇಟು ಇರುವುದು ಒಳ್ಳೆಯದಕ್ಕೇ: ಸುಮ್ಮಸುಮ್ಮನೆ ಯಾವುದೋ ತಾಣ ನಿಮ್ಮ ರೌಟರನ್ನು, ಪ್ರಿಂಟರನ್ನು ತಡಕಾಡಬಾರದು ಅಂತ. ನಿಮ್ಮ ಸರ್ಕಾರಿ ಪೋರ್ಟಲ್‌ಗೆ ಮಾತ್ರ ಒಪ್ಪಿಗೆ ಕೊಡಿ.

ಕೊನೆಯದಾಗಿ ಇಲ್ಲಿ ಪಾಪ್‌ಅಪ್. ಪ್ರಿಂಟ್ ಒತ್ತಿದರೆ ಏನೂ ಆಗುತ್ತಿಲ್ಲ ಅಂದರೆ ಹೊಸ ಕಿಟಕಿಯನ್ನು ಬ್ರೌಸರ್ ತಡೆದಿರುತ್ತದೆ. ವಿಳಾಸ ಪಟ್ಟಿಯ ಬಲತುದಿಯಲ್ಲಿ ಚಿಕ್ಕ ಗುರುತು ಕಾಣುತ್ತದೆ. ಆ ತಾಣಕ್ಕಷ್ಟೇ ಬಿಡಿ. ಮುದ್ರೆಯಲ್ಲಿ ಲಾಂಛನ, ಹಿನ್ನೆಲೆ ಬಣ್ಣ ಬರದಿದ್ದರೆ ಪ್ರಿಂಟ್ ಪುಟದ 'ಮೋರ್ ಸೆಟ್ಟಿಂಗ್ಸ್' ಒಳಗೆ 'ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್' ಟಿಕ್ ಮಾಡಿ. ಕನ್ನಡ ಅಕ್ಷರದ ಬದಲು ಚೌಕ ಬಂದರೆ ಫಾಂಟ್ ಇಲ್ಲ: ವಿಂಡೋಸ್ 10ರಲ್ಲಿ ನಿರ್ಮಲಾ ಮೊದಲೇ ಇರುತ್ತದೆ, ತುಂಗಾ ಮಾತ್ರ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಹಾಕಿದರೆ ಬರುತ್ತದೆ. ಚೌಕದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಅದು ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನ ಪಠ್ಯ. ಆ ಫಾಂಟ್ ಹಾಕದೆ ಯಾವ ಬ್ರೌಸರೂ ಓದಿಸಲಾರದು.

ಈಗ ಒಂದೊಂದಾಗಿ

ಎಡ್ಜ್. 2020ರ ಜನವರಿಯಿಂದ ಕ್ರೋಮಿಯಂ ಮೇಲೆ ನಿಂತಿದೆ, ಆದ್ದರಿಂದ ಕ್ರೋಮ್‌ನಲ್ಲಿ ನಡೆಯುವ ಪೋರ್ಟಲ್ ಇಲ್ಲೂ ನಡೆಯುತ್ತದೆ. ನಮಗೆ ಇದು ಮೇಲು ಅನ್ನಿಸುವುದು ಎರಡು ಕಾರಣಕ್ಕೆ. ಬಳಸದ ಟ್ಯಾಬನ್ನು ಮಲಗಿಸುವ ಸ್ಲೀಪಿಂಗ್ ಟ್ಯಾಬ್ಸ್ ಅವಧಿಯನ್ನು 5 ನಿಮಿಷಕ್ಕೆ ಇಳಿಸಿದರೆ 4 ಜಿಬಿಯಲ್ಲೂ ಹತ್ತು ಟ್ಯಾಬ್ ತಡೆಯುತ್ತದೆ. ಅರ್ಜಿ ತುಂಬುವ ಪೋರ್ಟಲ್‌ಗಳನ್ನು 'ನೆವರ್ ಸ್ಲೀಪ್' ಪಟ್ಟಿಗೆ ಹಾಕಿಬಿಡಿ. ಎರಡನೆಯದು ಐಇ ಮೋಡ್. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ 2022ರ ಜೂನ್ 15ರಂದು ಬೆಂಬಲ ನಿಂತಿತು. ಅದನ್ನೇ ನಂಬಿದ ಹಳೆ ಪುಟ ಯಾವುದಾದರೂ ಉಳಿದಿದ್ದರೆ ಎಡ್ಜ್ ಒಂದರಲ್ಲೇ ತೆರೆಯಬಹುದು: ಸೆಟ್ಟಿಂಗ್ಸ್, ಡಿಫಾಲ್ಟ್ ಬ್ರೌಸರ್ ಒಳಗೆ ಐಇ ಮೋಡ್ 'ಅಲೋ' ಮಾಡಿ, ವಿಳಾಸ ಸೇರಿಸಿ. ಸೇರಿಸಿದ ವಿಳಾಸ 30 ದಿನಕ್ಕೆ ಪಟ್ಟಿಯಿಂದ ಬೀಳುತ್ತದೆ, ಮತ್ತೆ ಸೇರಿಸಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದರೂ ಎಡ್ಜ್‌ಗೆ ಅದರ ಮೇಲೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಕಿರಿಕಿರಿಯೂ ಇದೆ. ಸುದ್ದಿಯ ರಾಶಿ, ಶಾಪಿಂಗ್ ಕೂಪನ್ನು, ಕೋಪೈಲಟ್. ಮೊದಲ ದಿನವೇ ಇವನ್ನೆಲ್ಲ ಆಫ್ ಮಾಡಿ. 'ಸ್ಟಾರ್ಟಪ್ ಬೂಸ್ಟ್' ಕೂಡ ಆಫ್ ಮಾಡಿ, ಅದು ಬ್ರೌಸರ್ ಮುಚ್ಚಿದ ಮೇಲೂ ಮೆಮೊರಿ ಹಿಡಿದುಕೊಳ್ಳುತ್ತದೆ.

ಫೈರ್‌ಫಾಕ್ಸ್. ಎರಡನೇ ಬ್ರೌಸರ್ ಅಂತ ನಾವು ಹೇಳುವುದು ಕಡಿಮೆ ಅನ್ನುವ ಅರ್ಥದಲ್ಲಲ್ಲ. ತೊಂದರೆ ಎಲ್ಲಿದೆ ಅಂತ ಹಿಡಿಯಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ: ಎಂಜಿನ್ ಬೇರೆ, ಪ್ರಮಾಣಪತ್ರದ ಪಟ್ಟಿ ಬೇರೆ, ಪ್ರಾಕ್ಸಿ ಸೆಟ್ಟಿಂಗ್ ಬೇಕಿದ್ದರೆ ಬೇರೆ. ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಪೂರ್ಣ ರೂಪದಲ್ಲಿ ಇಲ್ಲಿ ಇನ್ನೂ ಓಡುತ್ತದೆ. ಕ್ರೋಮ್‌ನಲ್ಲಿ 2025ರಿಂದ ಅದರ ಲೈಟ್ ರೂಪಕ್ಕೆ ಒಪ್ಪಿಕೊಳ್ಳಬೇಕು. ಸುಳ್ಳು 'ಡೌನ್‌ಲೋಡ್' ಗುಂಡಿ ಒತ್ತಿ ಕಂಪ್ಯೂಟರ್ ಕೆಡಿಸಿಕೊಳ್ಳುವ ಅಂಗಡಿಗಳಿಗೆ ಈ ಒಂದು ಕಾರಣ ಸಾಕು. ಮೆನು ಕನ್ನಡದಲ್ಲೂ ಸಿಗುತ್ತದೆ. ದೋಷ ಅಂದರೆ ಕೆಲವು ಪೋರ್ಟಲ್‌ಗಳು 'ಕ್ರೋಮ್ ಮಾತ್ರ' ಅಂತ ಹಟ ಹಿಡಿಯುತ್ತವೆ. ಸಹಿ ಸಾಫ್ಟ್‌ವೇರ್ ವಿಂಡೋಸ್‌ಗೆ ಹಾಕಿದ ಪ್ರಮಾಣಪತ್ರವನ್ನು ಇದು ಒಪ್ಪದಿದ್ದರೆ ಪ್ರೈವೆಸಿ ಅಂಡ್ ಸೆಕ್ಯುರಿಟಿಯ ಸರ್ಟಿಫಿಕೇಟ್ಸ್ ಭಾಗದಲ್ಲಿ, ನೀವೇ ಹಾಕಿದ ಥರ್ಡ್ ಪಾರ್ಟಿ ರೂಟ್ ಪ್ರಮಾಣಪತ್ರಗಳನ್ನು ನಂಬು ಅನ್ನುವ ಟಿಕ್ ಇದೆಯೇ ನೋಡಿ.

ಫೈರ್‌ಫಾಕ್ಸ್‌ನ ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡವರಿಗೆ ಒಂದು ಮಾತು. 2025ರ ಮಾರ್ಚ್ 14ಕ್ಕೆ ಮೊಜಿಲ್ಲಾದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. 128ಕ್ಕಿಂತ ಹಳೆಯ ಸಾಮಾನ್ಯ ಆವೃತ್ತಿಗಳಲ್ಲಿ ಆ್ಯಡ್‌ಆನ್ ಕೆಲಸ ನಿಲ್ಲಿಸಿದ್ದು ಅದಕ್ಕೇ. ಅಪ್‌ಡೇಟ್ ಒಂದೇ ಮದ್ದು.

ಕ್ರೋಮ್. ಎಲ್ಲ ಪೋರ್ಟಲ್‌ಗಳೂ ಇದರಲ್ಲೇ ಪರೀಕ್ಷೆಯಾಗಿ ಬರುತ್ತವೆ, ಅದೇ ಇದರ ಬಲ. ಮೆಮೊರಿ ಸೇವರ್ ಆನ್ ಮಾಡಿದರೆ ತಕ್ಕಮಟ್ಟಿಗೆ ಹಗುರ. 'ಆಲ್ವೇಸ್ ಕೀಪ್ ದೀಸ್ ಸೈಟ್ಸ್ ಆ್ಯಕ್ಟಿವ್' ಪಟ್ಟಿಗೆ ಕೆಲಸದ ಪೋರ್ಟಲ್ ಸೇರಿಸಿ, ಇಲ್ಲದಿದ್ದರೆ ಟ್ಯಾಬ್‌ಗೆ ವಾಪಸ್ ಬಂದಾಗ ಪುಟ ಮತ್ತೆ ಲೋಡ್ ಆಗಿ ಲಾಗಿನ್ ಕೇಳಬಹುದು.

ಬ್ರೇವ್. ಸುದ್ದಿ, ವಿಡಿಯೊ ನೋಡುವುದಕ್ಕೆ ಬಹಳ ಹಗುರ. ಕೆಲಸಕ್ಕೆ ಬೇಡ. ಅದರ ಜಾಹೀರಾತು ತಡೆಯುವ ಶೀಲ್ಡ್ಸ್ ಜೊತೆಗೆ, 2023ರಿಂದ ಲೋಕಲ್‌ಹೋಸ್ಟ್ (ಅದೇ 127.0.0.1) ಸಂಪರ್ಕಕ್ಕೂ ಕಡಿವಾಣ ಇದೆ. ಮೇಲೆ ಹೇಳಿದ ಬೆರಳಚ್ಚು, ಸಹಿ ಎರಡೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ.

ಒಪೆರಾದ ಉಚಿತ ವಿಪಿಎನ್ ಆನ್ ಇದ್ದರೆ ನೀವು ಹೊರದೇಶದಲ್ಲಿ ಇರುವಂತೆ ಕಾಣುತ್ತೀರಿ, ಎಷ್ಟೋ ಸರ್ಕಾರಿ ತಾಣಗಳು ಹೊರದೇಶದಿಂದ ತೆರೆಯುವುದಿಲ್ಲ. ಉಲಾ 2025ರಲ್ಲಿ ಕೇಂದ್ರ ಸರ್ಕಾರದ ಭಾರತೀಯ ಬ್ರೌಸರ್ ಸ್ಪರ್ಧೆ ಗೆದ್ದಿದೆ, ಕೆಲಸಕ್ಕೂ ಮನೆಗೂ ಬೇರೆ ಬೇರೆ ಮೋಡ್ ಕೊಟ್ಟಿರುವುದು ಚೆನ್ನಾಗಿದೆ. ಎಂಜಿನ್ ಮಾತ್ರ ಕ್ರೋಮಿಯಂ. ಫೋನ್‌ನಲ್ಲಿ ಎಲ್ಲಿಂದಲೋ ಎಪಿಕೆ ತಂದು ಯುಸಿ ಬ್ರೌಸರ್ ಇನ್ನೂ ಇಟ್ಟುಕೊಂಡವರಿದ್ದಾರೆ. 2020ರ ಜೂನ್‌ನಲ್ಲೇ ಅದು ನಿಷೇಧವಾಗಿದೆ, ತೆಗೆಯಿರಿ.

ವಿಂಡೋಸ್ 7 ಇನ್ನೂ ಓಡಿಸುವವರಿಗೆ: ಕ್ರೋಮ್, ಎಡ್ಜ್ ಎರಡೂ 109ಕ್ಕೇ ನಿಂತಿವೆ, 2023ರಲ್ಲಿ. ಫೈರ್‌ಫಾಕ್ಸ್ 115 ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ) ಅದರ ಮೇಲೆ ಓಡುವ ಕೊನೆಯದು. ಅದರ ಗಡುವನ್ನು ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದೆ. ಅದು ಹೊಸ ಡಿಸ್ಕಿಗೆ, ಹೊಸ ವಿಂಡೋಸ್‌ಗೆ ದುಡ್ಡು ಹೊಂದಿಸುವವರೆಗಿನ ವ್ಯವಸ್ಥೆ ಮಾತ್ರ. ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಬೇಡ.

ಬದಲಿಸುವ ದಿನ

ಪ್ರೊಫೈಲ್ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಎಲ್ಲ ಬಂತು ಅಂದುಕೊಳ್ಳಬೇಡಿ. ಕ್ರೋಮ್, ಎಡ್ಜ್ ಪಾಸ್‌ವರ್ಡ್‌ಗಳನ್ನು ಆ ವಿಂಡೋಸ್ ಅಕೌಂಟ್‌ಗೇ ಕಟ್ಟಿ ಬೀಗ ಹಾಕಿರುತ್ತವೆ. ಬೇರೆ ಕಂಪ್ಯೂಟರ್‌ನಲ್ಲಿ ಅವು ತೆರೆಯುವುದಿಲ್ಲ. ವಿಂಡೋಸ್ ಫಾರ್ಮ್ಯಾಟ್ ಮಾಡಿಸುವ ಮುನ್ನ, ಬ್ರೌಸರ್ ತೆರೆಯುವಷ್ಟಾದರೂ ಇದ್ದಾಗಲೇ, ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಸಿಎಸ್‌ವಿ ಫೈಲ್ ಆಗಿ ತೆಗೆದುಕೊಳ್ಳಿ, ಬುಕ್‌ಮಾರ್ಕ್ ಎಚ್‌ಟಿಎಂಎಲ್ ಆಗಿ. ಫೈರ್‌ಫಾಕ್ಸ್‌ನದು ಸುಲಭ: ಲಾಗಿನ್ಸ್ ಡಾಟ್ ಜೇಸನ್, ಕೀ4 ಡಾಟ್ ಡಿಬಿ ಎರಡು ಫೈಲ್ ಒಟ್ಟಿಗೆ ಹೊಸ ಪ್ರೊಫೈಲ್‌ಗೆ ಹಾಕಿದರೆ ಸಾಕು, ಒಂದನ್ನೇ ಹಾಕಿದರೆ ಉಪಯೋಗವಿಲ್ಲ. ಸಿಎಸ್‌ವಿ ಫೈಲ್‌ನಲ್ಲಿ ಪಾಸ್‌ವರ್ಡ್‌ಗಳು ಬಯಲಾಗಿ ಬರೆದಿರುತ್ತವೆ. ಹೊಸ ಬ್ರೌಸರ್‌ಗೆ ಸೇರಿಸಿದ ಕೂಡಲೇ ಶಿಫ್ಟ್, ಡಿಲೀಟ್ ಒತ್ತಿ ಅಳಿಸಿ, ಪೆನ್‌ಡ್ರೈವ್‌ನಲ್ಲಿರುವುದನ್ನೂ.

ಗಿರಾಕಿಯ ಲಾಗಿನ್‌ಗೆ ನಿಮ್ಮ ಪ್ರೊಫೈಲ್ ಬಳಸಬೇಡಿ. ಪ್ರೊಫೈಲ್ ಚಿತ್ರ ಒತ್ತಿ ಗೆಸ್ಟ್ ಕಿಟಕಿ ತೆರೆಯಿರಿ. ಮುಚ್ಚಿದ ಕೂಡಲೇ ಅವರ ಡಿಜಿಲಾಕರ್, ಜಿಮೇಲ್ ಎಲ್ಲ ಲಾಗೌಟ್ ಆಗುತ್ತದೆ. ಆದರೆ ಡೌನ್‌ಲೋಡ್ ಆದ ಫೈಲ್ ಗೆಸ್ಟ್ ಕಿಟಕಿ ಮುಚ್ಚಿದರೂ ಉಳಿಯುತ್ತದೆ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ, ಊರಿನವರಿಗೆಲ್ಲ ಗೊತ್ತಿರುವಂಥದ್ದು. ಸೆಟ್ಟಿಂಗ್ಸ್, ಡೌನ್‌ಲೋಡ್ಸ್ ಒಳಗೆ ಪ್ರತಿ ಫೈಲ್‌ಗೂ ಎಲ್ಲಿ ಇಡಬೇಕು ಅಂತ ಕೇಳುವ ಆಯ್ಕೆ ಆನ್ ಮಾಡಿ, ಗಿರಾಕಿಗಳ ಫೈಲ್‌ಗೆ ಒಂದೇ ಫೋಲ್ಡರ್ ಇಡಿ, ಬಾಗಿಲು ಹಾಕುವ ಮುನ್ನ ಅದನ್ನು ಖಾಲಿ ಮಾಡಿ.